ಸಹಲೇಖಕ ಹಸಿಮಣ್ಣು

ಜನರನ್ನು ಸೇರಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ನಾಚಿಕೊಂಡು ಬೇರೆ ಕಸುಬು ಹಿಡಿದಿದ್ದಾರೆ. ನೀರು ಸೋಸುವ ಯಂತ್ರ ಮಾರುತ್ತಿದ್ದ ಕಾಲದಲ್ಲಿ ಬಾವಿ ತೋಡುವವನಿಗೇ ಮೂರು ಯಂತ್ರ ಮಾರಿ, ಅವನ ಕೈಯಿಂದಲೇ ಗೋಡೆಗೆ ಮೊಳೆ ಹೊಡೆಸಿ ಬಂದವನು ನಾನು. ನಾನು ಮಾತಿಗೆ ನಿಂತರೆ ಬೀದಿದೀಪದ ಕಂಬವೂ ಕೊಂಚ ಬಾಗಿ ಕೇಳುತ್ತದೆ. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ. ಮನೆಯವರು ಮಾತ್ರ ನಂಬುವುದಿಲ್ಲ. "ಇವನು ಹೇಳಿದ್ದನ್ನ ಹತ್ತರಿಂದ ಭಾಗಿಸಿ ತಗೋಬೇಕು" ಎಂದು ನನಗೆ ಆರು ವರ್ಷವಾಗಿದ್ದಾಗಲೇ ಅಮ್ಮ ಶಾಸನ ಹೊರಡಿಸಿಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಾನೂನು. ಹತ್ತು ನಾಯಿ ಅಟ್ಟಿಸಿಕೊಂಡು ಬಂದವು ಎಂದರೆ ಒಂದು; ಒಂದು ನಾಯಿ ಎಂದರೆ ಬಾಲ.

ನನ್ನ ಅಕ್ಕ ಇದಕ್ಕೆ ತದ್ವಿರುದ್ಧ. ಅವಳು ಮಣ್ಣಿನ ವಿಜ್ಞಾನಿ. 'ಸುಮಾರು' ಎಂದು ಹೇಳುವುದಕ್ಕೂ ಮೊದಲು ತಕ್ಕಡಿ ನೋಡುವವಳು. ಕಾಲೇಜಿನ ಹಿಂದಿನ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವಳ ಪ್ರಯೋಗಾಲಯ: ಮೂರು ಗೋಡೆಗೂ ಮಣ್ಣು ತುಂಬಿದ ಗಾಜಿನ ಬಾಟಲಿಗಳು, ಒಂದು ಮೂಲೆಯಲ್ಲಿ ಮಣ್ಣು ಒಣಗಿಸುವ ಓವನ್, ಇನ್ನೊಂದು ಮೂಲೆಯಲ್ಲಿ ತೊಟ್ಟಿಕ್ಕುವ ನಲ್ಲಿ, ಆ ನಲ್ಲಿಯ ಪಕ್ಕದ ಸ್ಟೂಲಿನ ಮೇಲೆ ನಾನು. ಅವಳದು ಗುತ್ತಿಗೆ ಹುದ್ದೆ, ವರ್ಷಕ್ಕೊಮ್ಮೆ ನವೀಕರಣ. ಈ ಸಲ ನವೀಕರಣವಾಗಬೇಕಾದರೆ ಜರ್ನಲ್‌ಗೆ ಒಂದು ಪ್ರಬಂಧ ಹೋಗಿರಲೇಬೇಕು ಎಂದು ವಿಭಾಗದ ಮುಖ್ಯಸ್ಥೆ ಕಡ್ಡಿ ಮುರಿದಂತೆ ಹೇಳಿದ್ದರು.

ಅಕ್ಕನ ಪ್ರಶ್ನೆ ಕೇಳಲು ಸಣ್ಣದು. ಗಾಡಿಗಳ ಟೈರು ಸವೆದು ಉದುರುವ ಧೂಳು ರಸ್ತೆ ಬದಿಯ ಎರೆಹುಳುಗಳನ್ನು ಏನು ಮಾಡುತ್ತದೆ? ಉತ್ತರ ಬೇಕಾದರೆ ನೂರಾರು ಕಡೆ ಎಣಿಸಬೇಕು. ಒಬ್ಬಳೇ ಎಣಿಸಿದರೆ ಮೂರು ಜನ್ಮ ಬೇಕು, ಗುತ್ತಿಗೆಯೋ ಒಂದೊಂದೇ ವರ್ಷದ್ದು. ಅದಕ್ಕೇ 'ಎರೆಕೂಟ' ಎಂಬ ಅಂತರ್ಜಾಲ ತಾಣ ಶುರು ಮಾಡಿದಳು. ಸಂಶೋಧಕರಿರಲಿ, ಸಾಮಾನ್ಯರಿರಲಿ, ಯಾರು ಬೇಕಾದರೂ ಒಂದು ಅಡ್ಡಹೆಸರು ಇಟ್ಟುಕೊಂಡು ಸೇರಬಹುದು. ತಿಂಗಳ ಮೊದಲ ಭಾನುವಾರ ಒಂದು ಮೊಳ ಚೌಕದ ಮರದ ಚೌಕಟ್ಟನ್ನು ನೆಲಕ್ಕಿಟ್ಟು, ಸಾಸಿವೆ ಪುಡಿ ಕಲಸಿದ ನೀರು ಸುರಿಯಬೇಕು. ಸಾಸಿವೆ ಘಾಟಿಗೆ ಹುಳುಗಳು ಮೇಲೆ ಬರುತ್ತವೆ. ಎಣಿಸಿ, ಒಳ್ಳೆಯ ನೀರಲ್ಲಿ ತೊಳೆದು ಮಣ್ಣಿಗೆ ಬಿಟ್ಟು, ಎಷ್ಟು ಹುಳು, ರಸ್ತೆಯಿಂದ ಎಷ್ಟು ಹೆಜ್ಜೆ ದೂರ ಎಂದು ತಾಣದಲ್ಲಿ ಬರೆಯಬೇಕು. ತಾಣದ ನಕ್ಷೆಯಲ್ಲಿ ಆ ಜಾಗಕ್ಕೊಂದು ಹಸಿರು ಚುಕ್ಕೆ ಬೀಳುತ್ತದೆ.

ಮೊದಲ ತಿಂಗಳು ಬಿದ್ದ ಚುಕ್ಕೆ ಎಷ್ಟು? ಒಂದು. ಅಕ್ಕನದೇ. ಅವಳು ತಾಣದಲ್ಲಿ ಹನ್ನೊಂದು ಪ್ರಶ್ನೆ ಹಾಕಿದ್ದಳು. ಹನ್ನೊಂದಕ್ಕೂ ಗೋಡೆಗೆ ಹೇಳಿದಂತೆ ಮೌನ. ಆಗ ನನ್ನನ್ನು ಕರೆದಳು. "ನಿನಗೆ ಮಾತೊಂದೇ ಬರೋದು. ಅದನ್ನಾದ್ರೂ ಒಳ್ಳೇ ಕೆಲಸಕ್ಕೆ ಹಾಕು" ಎಂದಳು.

ಹಾಕಿದೆ. ಖಾಲಿ ಅಂಗಡಿಗೆ ಗಿರಾಕಿ ಕಾಲಿಡುವುದಿಲ್ಲ ಎಂಬುದು ವ್ಯಾಪಾರದ ಮೊದಲ ಪಾಠ. ಆದ್ದರಿಂದ ಮೊದಲು ನಾಲ್ಕು ಜನ ನಿಂತಂತೆ ಕಾಣಬೇಕು. ನಾನು 'ಹಸಿಮಣ್ಣು' ಎಂಬ ಅಡ್ಡಹೆಸರಿನಲ್ಲಿ ಸೇರಿ ಅಕ್ಕನ ಪ್ರಶ್ನೆಗೆ ಉತ್ತರ ಕೊಟ್ಟೆ. ಆಮೇಲೆ 'ಗುದ್ದಲಿ' ಎಂಬ ಹೆಸರಿನಲ್ಲಿ ಬಂದು ಹಸಿಮಣ್ಣಿನ ಜೊತೆ ಜಗಳ ತೆಗೆದೆ. 'ಮೂರನೇ ಗೇಟು' ಎಂಬ ಹೆಸರಿನಲ್ಲಿ ಇಬ್ಬರನ್ನೂ ಸಮಾಧಾನ ಮಾಡಿದೆ. ಜಗಳ ನೋಡಲು ಜನ ಸೇರದ ಊರು ಎಲ್ಲಿದೆ? ವಾರದೊಳಗೆ ಒಬ್ಬರು ನಿವೃತ್ತ ಮೇಷ್ಟ್ರು ನುಗ್ಗಿ ಮೂವರಿಗೂ ವ್ಯಾಕರಣ ತಿದ್ದಿದರು. ಅವರ ಹಿಂದೆ ಒಬ್ಬ ನರ್ಸ್ ಬಂದರು; ಆಸ್ಪತ್ರೆಯ ಹಿಂದಿನ ಹುಲ್ಲಿನಲ್ಲಿ ಎಣಿಸುತ್ತೇನೆ ಎಂದರು. ಬಸ್ಸಿನ ಡ್ರೈವರೊಬ್ಬ ಬಂದ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಅರ್ಧ ಗಂಟೆಯಲ್ಲಿ ಎಣಿಸುತ್ತೇನೆ ಎಂದ. ಎಣಿಸಿದ ಕೂಡ, ಸಮವಸ್ತ್ರದಲ್ಲೇ ಮಂಡಿಯೂರಿ.

ಹದಿನಾಲ್ಕು ತಿಂಗಳಲ್ಲಿ ಎರೆಕೂಟಕ್ಕೆ ಸಾವಿರದ ಆರುನೂರು ಸದಸ್ಯರು. ಹೊರಗೆ ನಾನು ಹಾಗೇ ಹೇಳುತ್ತಿದ್ದೆ. ಅಮ್ಮನ ಕಾನೂನಿನ ಪ್ರಕಾರ ಭಾಗಿಸಿದರೆ ನೂರ ಅರವತ್ತು, ಅದು ಸರಿಯಾದ ಲೆಕ್ಕವೇ. ಅದರಲ್ಲಿ ಹದಿನೇಳು ಮಂದಿ ನಾನು.

ಈ ಹದಿನೇಳೂ ಸುಮ್ಮನೆ ಕೂತವರಲ್ಲ. ನಕ್ಷೆಯಲ್ಲಿ ರಸ್ತೆ ಬದಿ ಬೋಳಾಗಿ ಕಾಣುತ್ತಿತ್ತು. ಹೊಗೆ ಕುಡಿಯುತ್ತಾ ಮಣ್ಣು ಕೆದಕಲು ಯಾರಿಗೂ ಮನಸ್ಸಿಲ್ಲ. ಬೋಳು ನಕ್ಷೆ ಕಂಡರೆ ಹೊಸಬರು ಓಡಿಹೋಗುತ್ತಾರೆಂದು, ನನ್ನ ಹದಿನೇಳು ಮಂದಿಯನ್ನೂ ರಸ್ತೆ ಬದಿಗೇ ಕೂರಿಸಿ, ತಿಂಗಳಿಗೊಮ್ಮೆ ನಾಲ್ಕೋ ಐದೋ ಹುಳು ಬರೆಯುತ್ತಿದ್ದೆ. ಅಲಂಕಾರಕ್ಕೆ. ಮದುವೆ ಚಪ್ಪರಕ್ಕೆ ಬಣ್ಣದ ಕಾಗದ ಅಂಟಿಸಿದ ಹಾಗೆ. ಅಕ್ಕ ಪ್ರಬಂಧಕ್ಕೆ ಬಳಸುವ ಲೆಕ್ಕದ ಪುಸ್ತಕ ಬೇರೆ, ನಕ್ಷೆ ಬೇರೆ ಎಂದು ನಾನು ತಿಳಿದಿದ್ದೆ. ಕೇಳಿ ತಿಳಿದುಕೊಂಡದ್ದಲ್ಲ, ನಾನೇ ತಿಳಿದುಕೊಂಡದ್ದು.

ಪ್ರಬಂಧ ಕಳಿಸಬೇಕಾದ ದಿನ ಶುಕ್ರವಾರ. ಸಂಜೆ ಐದಕ್ಕೆ ಜರ್ನಲ್‌ನ ಪುಟ ಮುಚ್ಚುತ್ತದೆ. ಸೋಮವಾರ ಬೆಳಿಗ್ಗೆ ಅಕ್ಕನ ಫೈಲು ಸಮಿತಿಯ ಮುಂದೆ ಹೋಗುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅಕ್ಕ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು.

"ಲೋ, ಹಸಿಮಣ್ಣು ಅವರ ನಿಜವಾದ ಹೆಸರೇನೋ?"

ನಾನು ಸದಸ್ಯರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದವನು ಬೆರಳು ನಿಲ್ಲಿಸಿದೆ. "ಯಾಕಕ್ಕ?"

"ಸಹಲೇಖಕರ ಪಟ್ಟಿಗೆ ಹಾಕ್ಬೇಕು. ಮೇಷ್ಟ್ರು, ನರ್ಸಮ್ಮ, ಡ್ರೈವರಣ್ಣ, ಆಮೇಲೆ ಅವರು. ನಮ್ಮ ಕೂಟಕ್ಕೆ ಅವರಷ್ಟು ದುಡಿದವರು ಯಾರಿದ್ದಾರೆ ಹೇಳು."

ಆ ಮಾತಿಗೆ ನನ್ನೆದೆ ಒಂದು ಗೇಣು ಉಬ್ಬಿತು, ಮರುಕ್ಷಣ ಎರಡು ಗೇಣು ಇಳಿಯಿತು. "ಅವರು ಬಹಳ ಸಂಕೋಚದ ಮನುಷ್ಯ. ಹೆಸರು ಹಾಕಿದ್ರೆ ಬೇಜಾರು ಮಾಡ್ಕೋತಾರೆ."

"ನಂಬರ್ ಕೊಡು, ನಾನೇ ಮಾತಾಡ್ತೀನಿ."

"ಅವರಿಗೆ ಗಂಟಲು ಕಟ್ಟಿದೆ."

ಅಕ್ಕ ತಲೆ ಎತ್ತಿದಳು. "ಗಂಟಲು ಕಟ್ಟಿದ್ದು ನಿನಗೆ ಯಾರು ಹೇಳಿದ್ರು? ಅವರೇನಾ?"

"ಬರೆದಿದ್ರು."

ಅವಳು ನಿಟ್ಟುಸಿರು ಬಿಟ್ಟಳು. "ಸರಿ ಬಿಡು. ಬೇಡ ಅಂದ್ರೆ ಬಲವಂತ ಇಲ್ಲ. ಕೊನೇಲಿ ಕೃತಜ್ಞತೆ ಹೇಳೋಣ. ಅವರ ಎಣಿಕೆಯಂತೂ ಹೇಗಿದ್ರೂ ಲೆಕ್ಕದಲ್ಲಿದೆ."

ಪಾರಾದೆ ಎಂದು ಅರ್ಧ ಉಸಿರು ಬಿಟ್ಟಿದ್ದೆ. "ಯಾವ ಲೆಕ್ಕದಲ್ಲಿ?"

"ಎಲ್ಲರದ್ದೂ ಎಲ್ಲಿರತ್ತೋ ಅಲ್ಲೇ. ನಕ್ಷೇಲಿ ಬಿದ್ದ ಚುಕ್ಕೆ ನೇರ ಲೆಕ್ಕಕ್ಕೆ ಹೋಗತ್ತೆ. ಇಲ್ಲಿ ನೋಡು."

ನೋಡಿದೆ. ಪರದೆಯ ಮೇಲೆ ಒಂದು ಗೆರೆ. ರಸ್ತೆಗೆ ಹತ್ತಿರ ಬಂದಷ್ಟೂ ಹುಳು ಕಡಿಮೆಯಾಗುತ್ತಾ, ಮೆಟ್ಟಿಲಿಳಿದಂತೆ ನಯವಾಗಿ ಇಳಿದ ಗೆರೆ. ಅದರ ಕೆಳತುದಿಯಲ್ಲಿ ಚುಕ್ಕೆಗಳು ಗುಂಪಾಗಿ, ಶಿಸ್ತಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ನಿಂತಿದ್ದವು. ಅವರೆಲ್ಲರ ಮುಖಪರಿಚಯ ನನಗಿತ್ತು. ನಾನೇ ಹೆತ್ತವರು.

"ರಸ್ತೆ ಬದಿ ಇಪ್ಪತ್ನಾಲ್ಕು ಜಾಗ ಸಿಕ್ಕಿವೆ" ಎಂದಳು ಅಕ್ಕ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆ ಕೇಳಿಸಿತು. "ಅವಿಲ್ಲದಿದ್ರೆ ಈ ಪ್ರಬಂಧಾನೇ ಇಲ್ಲ. ಯಾರಾದ್ರೂ ಅನುಮಾನಪಟ್ಟರೆ ಕೈ ಹಿಡಿದು ಕರ್ಕೊಂಡು ಹೋಗಿ ಮಣ್ಣು ತೋರಿಸ್ತೀನಿ."

ಸುಮ್ಮನಿದ್ದರೆ ಐದಕ್ಕೆ ಪ್ರಬಂಧ ಹೋಗುತ್ತದೆ, ಸೋಮವಾರ ಹುದ್ದೆ ಉಳಿಯುತ್ತದೆ. ಆಮೇಲೆ ಎಂದೋ ಒಂದು ದಿನ ಯಾರೋ 'ತೋರಿಸಿ ಆ ಮಣ್ಣು' ಎನ್ನುತ್ತಾರೆ. ಅಕ್ಕ ಅವರನ್ನು ಕರೆದುಕೊಂಡು ಹೊರಡುತ್ತಾಳೆ. ಹಸಿಮಣ್ಣಿನ ಜಾಗವೆಂದು ನಾನು ನಕ್ಷೆಯಲ್ಲಿ ಚುಕ್ಕೆ ಇಟ್ಟದ್ದು ಎಲ್ಲಿ ಎಂದು ನೆನಪಿಸಿಕೊಂಡೆ. ಒಂದು ಪೆಟ್ರೋಲ್ ಬಂಕಿನ ಸಿಮೆಂಟು ನೆಲದ ಮೇಲೆ.

ಗಡಿಯಾರ ಎರಡೂ ಮುಕ್ಕಾಲು ತೋರಿಸುವವರೆಗೆ ನಾನು ನಲ್ಲಿಯ ಹನಿ ಎಣಿಸಿದೆ. ಆಮೇಲೆ ಹೇಳಿದೆ.

"ಅಕ್ಕ, ಹಸಿಮಣ್ಣು ನಾನೇ."

ಅವಳು ನಕ್ಕಳು. "ಹೌದೌದು. ಹೋದ ವರ್ಷ ಗೊಬ್ಬರದ ಕಾರ್ಖಾನೆ ಮಾಲೀಕ ನೀನೇ ಆಗಿದ್ದೆ."

"ನಿಜ ಅಕ್ಕ. ಅವನೊಬ್ಬನೇ ಅಲ್ಲ. ಹದಿನೇಳು ಜನ. ಎಲ್ಲಾ ನಾನೇ. ಎಣಿಕೆ ಎಲ್ಲಾ ಕೂತಲ್ಲೇ ಬರೆದದ್ದು."

ಅಕ್ಕನ ನಗು ನಿಂತಿತು. ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಬಹಳ ಹೊತ್ತು ನನ್ನ ಮುಖ ನೋಡಿದಳು. ಮಣ್ಣಿನ ತೇವ ನೋಡುವಾಗ ಹಾಗೆ ನೋಡುತ್ತಾಳೆ. "ಹದಿನೇಳು" ಎಂದಳು ಮೆಲ್ಲಗೆ. "ಅಂದ್ರೆ ಒಂದೂ ಮುಕ್ಕಾಲು. ಎರಡು. ಹಸಿಮಣ್ಣು, ಇನ್ನೊಬ್ಬ ಯಾರು?"

"ಎರಡಲ್ಲ, ಹದಿನೇಳು."

"ಗಾಬರಿಯಾದಾಗ ನಿನ್ನ ಲೆಕ್ಕ ಇನ್ನೂ ಊದತ್ತೆ. ಎರಡು ತೆಗೆದ್ರೆ ಏನೂ ಆಗಲ್ಲ, ಗೆರೆ ನಿಲ್ಲತ್ತೆ. ಬೈಯೋದು ಆಮೇಲೆ. ಹೇಳು, ಎರಡನೆಯವನು ಯಾರು?" ಅವಳ ಬೆರಳು ಆಗಲೇ ಹಸಿಮಣ್ಣನ್ನು ಅಳಿಸಿ ಎರಡನೆಯ ಹೆಸರಿಗೆ ಕಾಯುತ್ತಿತ್ತು.

ಮೂವತ್ತನಾಲ್ಕು ವರ್ಷ ನಾನು ಹೇಳಿದ್ದನ್ನು ಜನ ನಂಬಲೆಂದು ಹೆಣಗಿದ್ದೇನೆ. ಆದರೆ ಇದ್ದದ್ದನ್ನು ಇದ್ದಷ್ಟೇ ನಂಬಿಸುವುದು ಆನೆಯನ್ನು ಸೂಜಿಯ ಕಣ್ಣಿನಲ್ಲಿ ದಾಟಿಸಿದಷ್ಟು ಕಷ್ಟವೆಂದು ಅಂದೇ ತಿಳಿದದ್ದು. ಮಾತು ಬಿಟ್ಟೆ. ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು, ಗುದ್ದಲಿಯ ಪಾಸ್‌ವರ್ಡ್ ಒತ್ತಿ ಒಳಗೆ ಹೋಗಿ ತೋರಿಸಿದೆ. ಆಮೇಲೆ ಮೂರನೇ ಗೇಟು. ಆಮೇಲೆ 'ಬೆಲ್ಲದ ಡಬ್ಬಿ'. ಆಮೇಲೆ 'ಸಂಜೆ ಪಾಳಿ'. ಒಂದೊಂದು ಬಾಗಿಲು ತೆರೆದಂತೆಲ್ಲ ಅಕ್ಕ ಒಂದೊಂದು ಚುಕ್ಕೆ ಅಳಿಸಿದಳು. ಐದನೆಯದಕ್ಕೆ ಅವಳ ಕಿವಿ ಕೆಂಪಾಯಿತು. ಹತ್ತನೆಯದಕ್ಕೆ ಬಿಳಿಚಿತು. ಬೈದಿದ್ದರೆ ಎಷ್ಟೋ ಹಾಯಾಗಿರುತ್ತಿತ್ತು.

ಹದಿನಾರು ಅಳಿಸಿ ಮುಗಿದಾಗ ಮೂರೂವರೆ.

"ಇನ್ನೊಂದು?" ಎಂದಳು.

ಅಲ್ಲೇ ನನ್ನ ಬಂಡಿ ಹೂತುಕೊಂಡಿತು. ಹದಿನೇಳು ಎಂಬುದು ಖಂಡಿತ. ಹೆಸರಿಗೊಂದರಂತೆ ನಾನು ಹದಿನೇಳು ಇಮೇಲ್ ಅಂಚೆಪೆಟ್ಟಿಗೆ ತೆರೆದಿದ್ದೆ. ಆದರೆ ಹದಿನೇಳನೆಯವನು ಯಾರು? ಪಟ್ಟಿಯಲ್ಲಿ ಎರಡು ಹೆಸರು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಒಂದು 'ಅರ್ಧ ಮೊಳ'. ಇನ್ನೊಂದು 'ಕೆಸರುಗಾಲು'. ಎರಡೂ ನಾನು ಇಡುವಂಥದ್ದೇ ಹೆಸರು. ಇಬ್ಬರೂ ಕಡಿಮೆ ಮಾತಿನವರು, ಕೆಲವು ತಿಂಗಳಿಂದ ಎಣಿಕೆಯನ್ನೂ ಬರೆಯದವರು. ಒಬ್ಬ ನಾನು, ಇನ್ನೊಬ್ಬ ನಿಜವಾದ ಮನುಷ್ಯ. ಯಾವನು ಯಾವನೆಂದು ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಅಂದ್ರೆ ಏನರ್ಥ?" ಅಕ್ಕನ ದನಿ ಈಗ ಪಿಸುಮಾತಾಗಿತ್ತು. "ನೀನು ಯಾರು ಅಂತ ನಿನಗೇ ಗೊತ್ತಿಲ್ವಾ?"

"ಆ ಪೆಟ್ಟಿಗೆಯ ಪಾಸ್‌ವರ್ಡ್ ಮರೆತು ಹೋಗಿದೆ. ನೀನೇ ನೋಡಬಹುದಲ್ಲ, ಯಾರು ಯಾವ ವಿಳಾಸದಿಂದ ಸೇರಿದ್ರು ಅಂತ."

"ನೋಡೋಕಾಗಲ್ಲ. ಸದಸ್ಯರ ವಿಳಾಸ ನನಗೂ ಕಾಣಬಾರದು ಅಂತ ನಾನೇ ಬೀಗ ಹಾಕಿಸಿದ್ದೀನಿ. ಅವರಿಗೆ ಮಾತು ಕೊಟ್ಟಿದ್ದೀನಿ." ಹಣೆಯನ್ನು ಎರಡೂ ಅಂಗೈಯಲ್ಲಿ ಒತ್ತಿಕೊಂಡಳು. "ಇಬ್ಬರನ್ನೂ ತೆಗೆದ್ರೆ ರಸ್ತೆ ಬದಿ ಆರೇ ಉಳಿಯತ್ತೆ. ಆರು ಸಾಲದು. ಏಳಿದ್ರೆ ಹೇಗೋ ನಿಲ್ಲತ್ತೆ. ತಪ್ಪಾದವನನ್ನ ತೆಗೆದ್ರೆ ನಿನ್ನ ಸುಳ್ಳು ಒಳಗಿರತ್ತೆ, ಒಬ್ಬ ಪಾಪದ ಮನುಷ್ಯನ ಅಷ್ಟೂ ತಿಂಗಳ ದುಡಿಮೆ ಕಸಕ್ಕೆ ಹೋಗತ್ತೆ."

ಇಬ್ಬರಿಗೂ ತಾಣದಿಂದ ಸಂದೇಶ ಕಳಿಸಿದೆ. ದಯವಿಟ್ಟು ಕೂಡಲೇ ಉತ್ತರಿಸಿ. ಐದು ನಿಮಿಷ ಕಾದೆವು. ಹತ್ತು ನಿಮಿಷ. ಕಾರಿಡಾರಿನಲ್ಲಿ ಯಾರೋ ಕಬ್ಬಿಣದ ಗಾಡಿ ತಳ್ಳಿಕೊಂಡು ಹೋದ ಸದ್ದಿಗೆ ನಾನು ಎರಡಡಿ ಹಾರಿದೆ. ಎರಡಡಿ ಎಂದರೆ ಎರಡಡಿಯೇ, ಭಾಗಿಸಬೇಡಿ. ಉತ್ತರ ಬರಲಿಲ್ಲ. ಒಬ್ಬ ಕೆಲಸದಲ್ಲಿರಬೇಕು, ಇನ್ನೊಬ್ಬ ಇಲ್ಲೇ ಬೆವರುತ್ತಾ ಕೂತಿದ್ದ.

ಅಕ್ಕ ಇಬ್ಬರ ಎಣಿಕೆಗಳನ್ನೂ ಅಕ್ಕಪಕ್ಕ ತೆರೆದಳು. ಬೆರಳಿಟ್ಟು ಒಂದೊಂದೇ ತಿಂಗಳು ಓದಿದಳು. ಅರ್ಧ ಮೊಳ: ಐದು, ನಾಲ್ಕು, ಆರು, ಐದು, ನಾಲ್ಕು. ಕೆಸರುಗಾಲು: ಎರಡು, ಸೊನ್ನೆ, ಒಂದು, ಸೊನ್ನೆ, ಸೊನ್ನೆ, ಮೂರು, ಸೊನ್ನೆ.

ಬೆರಳು ಅಲ್ಲೇ ನಿಂತಿತು. ಅಳಿಸಿದ್ದ ನನ್ನ ಹದಿನಾರು ಮಂದಿಯ ಎಣಿಕೆಗಳನ್ನು ಮತ್ತೆ ತೆರೆದು ಮೇಲಿನಿಂದ ಕೆಳಗೆ ಓಡಿಸಿದಳು. ತಿಂಗಳಿಗೊಂದರಂತೆ ಇನ್ನೂರು ಚಿಲ್ಲರೆ ಎಣಿಕೆ. ಒಂದೇ ಒಂದು ಸೊನ್ನೆಯಿಲ್ಲ.

"ಲೋ" ಎಂದಳು. "ಹುಟ್ಟಿದಾಗಿನಿಂದ ಒಂದು ಸಲವಾದ್ರೂ 'ಏನೂ ಇಲ್ಲ' ಅಂತ ನಿನ್ನ ಬಾಯಲ್ಲಿ ಬಂದಿದ್ಯಾ?"

ಯೋಚಿಸಿದೆ. ಬಂದಿರಲಿಲ್ಲ.

"ಕೆಸರುಗಾಲು ನೀನಲ್ಲ. ಟೈರಿನ ಧೂಳಲ್ಲಿ ಮಂಡಿಯೂರಿ, ಸಾಸಿವೆ ನೀರು ಸುರಿದು, ಕಾದು ಕಾದು, ಒಂದು ಹುಳಾನೂ ಬರದೆ ಎದ್ದು ಮನೆಗೆ ಹೋಗಿ ಸೊನ್ನೆ ಅಂತ ಬರೆಯೋಕೆ ನಿಜವಾದ ಮನುಷ್ಯನೇ ಬೇಕು." ಅರ್ಧ ಮೊಳವನ್ನು ಅಳಿಸಿದಳು.

ಹೊಸ ಗೆರೆ ಬಂತು. ಮೆಟ್ಟಿಲಿನ ನಯ ಹೋಗಿ, ಕುಂಟುತ್ತಾ ಇಳಿಯುವ ಗೆರೆ. ಆದರೆ ಇಳಿಯುತ್ತಿತ್ತು. ಕೆಸರುಗಾಲಿನ ಸೊನ್ನೆಗಳು ಅದರ ತುದಿಯನ್ನು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದವು. ರಸ್ತೆ ಬದಿ ನಾನು ಧಾರಾಳವಾಗಿ ಹಂಚಿದ್ದ ನಾಲ್ಕೈದು ಹುಳು ನಿಜಕ್ಕಿಂತ ಹೆಚ್ಚೇ ಆಗಿದ್ದವು.

ಗಡಿಯಾರ ನಾಲ್ಕು ಗಂಟೆ ಐದು ನಿಮಿಷ ತೋರಿಸುತ್ತಿತ್ತು.

"ಅಂಕಿಗಳನ್ನೆಲ್ಲ ನಾನು ತಿದ್ದುತ್ತೀನಿ" ಎಂದಳು ಅಕ್ಕ. "ಪ್ರಬಂಧ ಬದಲಾಯ್ತಲ್ಲ, ಬೆಳಿಗ್ಗೆ ಒಪ್ಪಿದ್ದ ಮೂವರೂ ಸಹಲೇಖಕರು ಹೊಸದಾಗಿ ಒಪ್ಪಬೇಕು. ಅವರವರ ಪೆಟ್ಟಿಗೆಗೆ ಜರ್ನಲ್‌ನಿಂದ ಪತ್ರ ಹೋಗತ್ತೆ, ಅದರಲ್ಲಿ ಒಪ್ಪಿಗೆ ಅಂತ ಒತ್ತಬೇಕು. ಒಪ್ಪೋ ಮೊದಲು ಅವರಿಗೆ ನಿಜ ಗೊತ್ತಿರಬೇಕು. ನೀನು ಕೂಟಕ್ಕೆ ಬರೆ. ಎಲ್ಲರಿಗೂ ಕಾಣೋ ಹಾಗೆ."

ಬರೆದೆ: 'ಆತ್ಮೀಯ ಸದಸ್ಯರೇ, ಕೆಲವು ಅನಿವಾರ್ಯ ತಾಂತ್ರಿಕ ಕಾರಣಗಳಿಂದಾಗಿ ಕೆಲವು ಖಾತೆಗಳಲ್ಲಿ...'

ಅಕ್ಕ ಭುಜದ ಮೇಲಿಂದ ಓದಿ, "ತಾಂತ್ರಿಕ ಕಾರಣ ಅಂದ್ರೆ ನೀನಾ?" ಎಂದಳು. ಅಳಿಸಿದೆ. ಮತ್ತೆ ಬರೆದೆ. 'ಹಸಿಮಣ್ಣು ಮತ್ತು ಕೆಳಗಿನ ಹದಿನಾರು ಹೆಸರುಗಳು ನಾನೇ. ಇವರು ಕೊಟ್ಟ ಎಣಿಕೆಗಳೆಲ್ಲ ಸುಳ್ಳು. ಅಕ್ಕನಿಗೆ ಇದು ಇವತ್ತು ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ. ತಪ್ಪು ನನ್ನದು.' ಕೆಳಗೆ ನನ್ನ ನಿಜವಾದ ಹೆಸರು, ಫೋನ್ ನಂಬರು. ಇಷ್ಟು ಸಣ್ಣ ಪತ್ರವನ್ನು ನಾನು ಜೀವಮಾನದಲ್ಲಿ ಬರೆದವನಲ್ಲ. ಕಳಿಸುವ ಗುಂಡಿ ಒತ್ತಿದೆ.

ನಾಲ್ಕು ಇಪ್ಪತ್ತೆಂಟಕ್ಕೆ ಫೋನು ಬಡಿದುಕೊಂಡಿತು. ನಿವೃತ್ತ ಮೇಷ್ಟ್ರು.

"ಏನಯ್ಯಾ, ಹಸಿಮಣ್ಣಿಗೆ ನಾನು ಅಲ್ಪಪ್ರಾಣ ಮಹಾಪ್ರಾಣ ಹೇಳಿಕೊಟ್ಟಿದ್ದು ಎಂಟು ತಿಂಗಳು. ಅಷ್ಟೂ ದಿನ ನಿನಗೇ ಹೇಳ್ತಿದ್ನಾ?"

"ಹೌದು ಮೇಷ್ಟ್ರೇ."

"ಕಲಿತ್ಯಾ?"

"ಇಲ್ಲ ಮೇಷ್ಟ್ರೇ."

"ಗೊತ್ತಿತ್ತು. ನಿಮ್ಮಕ್ಕನಿಗೆ ಹೇಳು, ನಾನು ಒತ್ತಿದ್ದೀನಿ. ಅವಳ ಮುಖ ನೋಡಿ ಒತ್ತಿದ್ದು. ನಿನ್ನ ಮುಖ ನೋಡಿದ್ರೆ ಫೋನ್ ಬಾವಿಗೆ ಎಸೀತಿದ್ದೆ."

ನಾಲ್ಕು ನಲವತ್ತಕ್ಕೆ ನರ್ಸ್ ಕರೆ ಮಾಡಿದರು. ಅವರು ಬೈಯಲಿಲ್ಲ. "ಸಾಸಿವೆ ಜಾಸ್ತಿಯಾಗಿ ನನ್ನ ಹುಲ್ಲೆಲ್ಲ ಸುಟ್ಟುಹೋದಾಗ ಹಸಿಮಣ್ಣು ನನಗೆ ಎರಡು ಪುಟ ಬರೆದಿದ್ರು. ಧೈರ್ಯ ಹೇಳಿ. ಅದೂ ಸುಳ್ಳಾ?"

"ಸಲಹೆ ಅಕ್ಕನ ಪುಸ್ತಕದಿಂದ ಕದ್ದಿದ್ದು. ಧೈರ್ಯ ಹೇಳಿದ್ದು ನಾನೇ."

ಆ ಕಡೆ ಯಾವುದೋ ಯಂತ್ರ ಕೀಂ ಕೀಂ ಎನ್ನುತ್ತಿತ್ತು. "ಪ್ರಬಂಧ ಪೂರ್ತಿ ಓದಿ ಒತ್ತುತ್ತೀನಿ" ಎಂದು ಇಟ್ಟರು. ಹತ್ತು ನಿಮಿಷಕ್ಕೆ ಅಕ್ಕನ ಪರದೆಯಲ್ಲಿ ಎರಡನೆಯ ಹಸಿರು ಗುರುತು ಬಿತ್ತು.

ಉಳಿದದ್ದು ಡ್ರೈವರಣ್ಣ. ಫೋನ್ ಮಾಡಿದೆ. ಗಂಟೆ ಬಾರಿಸಿ ನಿಂತಿತು. ಮತ್ತೆ ಮತ್ತೆ ಮಾಡಿದೆ. ಆಮೇಲೆ ನೆನಪಾಯಿತು: ಬಸ್ಸು ಓಡಿಸುವಾಗ ಅವನ ಫೋನು ಡಿಪೋದ ಪೆಟ್ಟಿಗೆಯಲ್ಲಿರುತ್ತದೆ. ಡಿಪೋಗೆ ಕರೆ ಮಾಡಿದರೆ ಆ ಕಡೆಯ ಗುಮಾಸ್ತ, "ಐದೂ ಕಾಲಿಗೆ ಬಸ್ಸು ಒಳಗೆ ಬರತ್ತೆ. ಬಸ್ಸಿಗೆ ರೆಕ್ಕೆ ಕಟ್ಟೋಕಾಗಲ್ಲ ಸ್ವಾಮಿ" ಎಂದ.

ನಾಲ್ಕು ಐವತ್ತಾರು. ಪರದೆಯಲ್ಲಿ ಎರಡು ಹಸಿರು, ಒಂದು ಬೂದು. ಅಕ್ಕನ ಉಗುರು ಮೇಜಿನ ಅಂಚನ್ನು ಕೆರೆಯುತ್ತಿತ್ತು.

"ಅಕ್ಕ" ಎಂದೆ. "ಡ್ರೈವರಣ್ಣನ ಅಂಚೆಪೆಟ್ಟಿಗೆ ಮಾಡಿಕೊಟ್ಟಿದ್ದು ನೀನೇ. ಪಾಸ್‌ವರ್ಡ್ ನಿನ್ನ ಹತ್ತಿರಾನೇ ಇದೆ."

ಅವಳ ಉಗುರು ನಿಂತಿತು.

"ಅವನು ಖಂಡಿತ ಒಪ್ತಾನೆ. ನಿನ್ನ ಮಾತು ಅಂದ್ರೆ ಅವನಿಗೆ ಪ್ರಾಣ. ಇಪ್ಪತ್ತು ನಿಮಿಷ ಕಳೆದು ಅವನು ಒತ್ತೋದನ್ನ ಈಗ ನಾವು ಒತ್ತೋದು, ಅಷ್ಟೇ. ನಿನ್ನ ಕೆಲಸ ಅಕ್ಕ. ಇಡೀ ವರ್ಷದ ಕೆಲಸ."

ಅವಳು ಇನ್ನೊಂದು ಕಿಟಕಿ ತೆರೆದಳು. ಡ್ರೈವರಣ್ಣನ ಪೆಟ್ಟಿಗೆಯ ಬಾಗಿಲು. ವಿಳಾಸ ತುಂಬಿದಳು. ಪಾಸ್‌ವರ್ಡಿನ ಜಾಗದಲ್ಲಿ ಮಿಣುಕುವ ಗೆರೆಯನ್ನೇ ನೋಡುತ್ತಾ ಕೂತಳು. ನಾಲ್ಕು ಐವತ್ತೆಂಟು. ನನ್ನ ಎದೆಬಡಿತಕ್ಕೆ ಗೋಡೆಯ ಬಾಟಲಿಗಳು ನಡುಗಿದವು ಎಂದರೆ ನೀವು ನಂಬಲಾರಿರಿ, ನಾನು ನೋಡಿದೆ.

"ಅವನು ಬೆಳಿಗ್ಗೆ ಒಪ್ಪಿದ್ದು ಬೇರೆ ಪ್ರಬಂಧಕ್ಕೆ" ಎಂದಳು, ನನಗಲ್ಲ, ಪರದೆಗೆ. "ಅವನ ಹೆಸರಲ್ಲಿ ನಾನು ಒತ್ತಿದ್ರೆ, ಅವನು ನನ್ನ ಹದಿನೆಂಟನೆಯವನು."

ಕಿಟಕಿ ಮುಚ್ಚಿದಳು. ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಕೂತಳು, ಚಿಕ್ಕ ಮಕ್ಕಳ ಹಾಗೆ. ನಾವಿಬ್ಬರೂ ಗಡಿಯಾರ ನೋಡಲಿಲ್ಲ. ಪರದೆಯೇ ಹೇಳಿತು. ಬೂದು ಗುರುತಿನ ಮೇಲೆ ಒಂದು ಸಾಲು ಬಂತು: ಸ್ವೀಕಾರದ ಅವಧಿ ಮುಗಿದಿದೆ.

ಐದು ಗಂಟೆ ಹದಿನೆಂಟಕ್ಕೆ ಡ್ರೈವರಣ್ಣನ ಫೋನು. ಅಕ್ಕನೇ ಎತ್ತಿಕೊಂಡಳು, ಅವನ ದೊಡ್ಡ ದನಿ ನನಗೂ ಕೇಳುತ್ತಿತ್ತು. "ಮೇಡಂ, ಆರು ಸಲ ಫೋನ್ ಮಾಡಿದ್ದೀರಿ. ಅದೇನೋ ಒಪ್ಪಿಗೆ ಪತ್ರ ಬಂದಿದೆ. ಒತ್ತಿದೆ, ಏನೂ ಆಗ್ತಿಲ್ಲ. ನಾನೇನಾದ್ರೂ ಕೆಡಿಸಿಬಿಟ್ನಾ?"

"ಇಲ್ಲ ಅಣ್ಣ" ಎಂದಳು ಅಕ್ಕ. "ನೀವೇನೂ ಕೆಡಿಸಿಲ್ಲ. ಹೋಗಿ ಕಾಫಿ ಕುಡೀರಿ."

ಫೋನಿಟ್ಟು ಎದ್ದಳು. ಮುಖ ತೊಳೆದಳು. ಒದ್ದೆ ಕೈಯಲ್ಲೇ ತಿದ್ದಿದ ಪ್ರಬಂಧದ ಪುಟಗಳನ್ನೂ ನನ್ನ ಪತ್ರದ ಒಂದು ಪ್ರತಿಯನ್ನೂ ಹಿಡಿದು ಮುಖ್ಯಸ್ಥೆಯ ಕೋಣೆಗೆ ಹೊರಟಳು. ನಾನೂ ಹಿಂದೆ ಹೆಜ್ಜೆ ಹಾಕಿದೆ. "ನೀನು ಬರಬೇಡ. ನೀನು ಬಂದ್ರೆ ಚೆನ್ನಾಗಿ ಮಾತಾಡ್ತೀಯ" ಎಂದಳು.

ಅರ್ಧ ಗಂಟೆ ನಾನು ಸ್ಟೂಲಿನ ಮೇಲಿದ್ದೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಸದಸ್ಯರು ಒಬ್ಬೊಬ್ಬರಾಗಿ ಬೈಯುತ್ತಿದ್ದರು. ಕೆಲವರು ಕೂಟ ಬಿಟ್ಟೆವು ಎಂದು ಹೇಳುವ ಸೌಜನ್ಯ ತೋರಿಸಿದರು, ಉಳಿದವರು ಹೇಳದೆಯೇ ಹೋದರು. ಎಲ್ಲರಿಗೂ ನನ್ನ ಹೆಸರಿನಲ್ಲೇ ಉತ್ತರ ಬರೆದೆ. ಕಾರಿಡಾರಿನಲ್ಲಿ ಅಕ್ಕನ ಚಪ್ಪಲಿ ಸದ್ದಾದಾಗ ಎದ್ದು ನಿಂತೆ.

"ಮೂರು ತಿಂಗಳು" ಎಂದಳು.

"ಅಂದ್ರೆ?"

"ವರ್ಷ ಇಲ್ಲ. ಮೂರು ತಿಂಗಳು ಕೊಡಿಸ್ತೀನಿ ಅಂದ್ರು. ಅಷ್ಟರಲ್ಲಿ ಬೇರೆ ಜರ್ನಲ್‌ಗೆ ಹೋಗಿರಬೇಕು. ಇಲ್ಲದಿದ್ರೆ ಬಾಟಲಿಗಳನ್ನೆಲ್ಲ ಖಾಲಿ ಮಾಡಿ ಕೋಣೆ ಕೀ ಕೊಡಬೇಕು." ಪುಟಗಳನ್ನು ಮೇಜಿನ ಮೇಲಿಟ್ಟಳು. "ಮೂರು ತಿಂಗಳು ಅಂದ್ರೆ ಮೂರು ಭಾನುವಾರ. ರಸ್ತೆ ಬದಿ ಹದಿನೇಳು ಜಾಗ ಖಾಲಿ ಮಾಡಿದ್ದೀಯ. ಹುಡುಕು. ಉಸಿರಾಡೋ ಜನಾನ."

"ಅಕ್ಕ, ನಾನು..."

"ಹೋಗು ಅಂದೆ."

ಮೆಟ್ಟಿಲಿಳಿದೆ. ಕಾಲೇಜಿನ ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕಾವಲುಗಾರ ರೇಡಿಯೊ ಕೇಳುತ್ತಾ ಕೂತಿದ್ದ. ಹದಿನಾಲ್ಕು ತಿಂಗಳು ದಿನಾ ಅವನ ಮುಂದೆ ಹಾದುಹೋಗಿದ್ದೆ. ನನ್ನ ಪಟ್ಟಿಗೆ ಅವನು ಎಂದೂ ಬಿದ್ದಿರಲಿಲ್ಲ.

"ನಿಮ್ಮ ಮನೆ ರಸ್ತೆ ಪಕ್ಕಾನಾ?" ಎಂದು ಕೇಳಿದೆ.

"ಪಕ್ಕ ಏನು ಬಂತು, ರಸ್ತೆ ಮೇಲೇ ಅನ್ನಿ. ಲಾರಿ ಹೋದ್ರೆ ಪಾತ್ರೆ ಎಲ್ಲಾ ಕುಣಿಯತ್ತೆ. ಯಾಕೆ, ಕೊಳ್ತೀರಾ?"

ಅವನಿಗೆ ಹುಳುವಿನ ವಿಷಯ ಹೇಳಿದೆ. ಸಾಸಿವೆ, ಚೌಕಟ್ಟು, ಭಾನುವಾರ. ಅವನು ರೇಡಿಯೊ ಸಣ್ಣದು ಮಾಡಿದ. "ಮನೆ ಹಿಂದೆ ಒಂದು ತುಂಡು ಮಣ್ಣು ಇದೆ, ಹೆಂಡತಿ ಪಾತ್ರೆ ತೊಳೆಯೋ ಜಾಗ. ನಡೆಯತ್ತಾ?"

"ನಡೆಯತ್ತೆ."

"ನಿಮ್ಮ ಕೂಟದಲ್ಲಿ ಎಷ್ಟು ಜನ ಇದ್ದೀರಿ?"

ನಾಲಿಗೆ ತಾನಾಗಿಯೇ ಸಾವಿರದ ಕಡೆಗೆ ಹೊರಟಿತು. ಹಲ್ಲು ಕಚ್ಚಿದೆ. "ಮಧ್ಯಾಹ್ನ ನೂರ ನಲವತ್ತಮೂರು. ಈಗ ಎಷ್ಟು ಉಳಿದಿದ್ದಾರೋ ನೋಡಿಲ್ಲ. ಜಗಳ ಆಗಿದೆ."

"ನಿಮ್ಮಿಂದಾನಾ?"

"ನನ್ನಿಂದಾನೇ."

ಅವನಿಗೆ ಅದರಿಂದ ಯಾಕೋ ಖುಷಿಯಾದಂತೆ ಕಂಡಿತು. ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ಕೂತ್ಕೊಳ್ಳಿ. ಬರ್ಕೊಳ್ಳಿ ನನ್ನ ಹೆಸರು. ಏನೋ ಅಡ್ಡಹೆಸರು ಬೇಕು ಅಂದ್ರಲ್ಲ?"

"ಬೇಡ. ನಿಮ್ಮದೇ ಹೇಳಿ."

ಹೇಳಿದ. ಲಾರಿಯೊಂದು ಹಾದುಹೋದದ್ದರಿಂದ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿ, ಅಕ್ಷರ ಅಕ್ಷರವಾಗಿ ಬರೆದುಕೊಂಡು, ಸರಿಯಿದೆಯೇ ಎಂದು ಅವನಿಗೇ ತೋರಿಸಿದೆ.